ಸ್ವಯಂಸೇವಕರ ಗುಂಪಿನಲ್ಲಿ ಸಂಚಾಲಕರ ಚುನಾವಣೆ: ಈ ಕರಡು ನಿಯಮಗಳಲ್ಲಿ ತಪ್ಪು ಹುಡುಕಿಕೊಡಿ

ಹೊಂಗೆನೆರಳು

ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತರುವ ಗುಂಪು ನಮ್ಮದು. ಈಮೇಲ್ ಪಟ್ಟಿಯಲ್ಲಿ 64 ಜನ. ಕರ್ನಾಟಕದಲ್ಲಿ ಹೆಚ್ಚಿನವರು, ಜರ್ಮನಿ ಮತ್ತು ಅಮೆರಿಕದಲ್ಲೂ ಕೆಲವರು. ನೋಂದಾಯಿತ ಸಂಘವಲ್ಲ. ಒಬ್ಬ ಸಂಚಾಲಕರು, ಮೂವರ ಸಮಿತಿ, ಎರಡಕ್ಕೂ ಒಂದು ವರ್ಷದ ಅವಧಿಗೆ ಚುನಾವಣೆ ನಡೆಯಬೇಕು. ಕರಡು ಹೀಗಿದೆ:

ಚುನಾವಣೆ ನಡೆಸಲು ಇಬ್ಬರು. ಅವರು ಸ್ಪರ್ಧಿಸುವಂತಿಲ್ಲ, ಯಾರನ್ನೂ ಸೂಚಿಸುವಂತಿಲ್ಲ, ಯಾರ ಪರವಾಗಿಯೂ ಬರೆಯುವಂತಿಲ್ಲ. ಈಮೇಲ್ ಪಟ್ಟಿಯಲ್ಲಿರುವ ಎಲ್ಲರಿಗೂ ಮತ. ನಾಮಪತ್ರಕ್ಕೆ 3 ದಿನ, ಮತದಾನಕ್ಕೆ 3 ದಿನ. ಗೂಗಲ್ ಫಾರ್ಮ್‌ನಲ್ಲಿ ಮತ. ಹೆಚ್ಚು ಮತ ಪಡೆದವರು ಸಂಚಾಲಕರು. ಸಮಿತಿಗೆ ಪ್ರತಿಯೊಬ್ಬರೂ ಮೂರು ಹೆಸರಿಗೆ ಗುರುತು ಹಾಕುವುದು, ಮೇಲಿನ ಮೂವರು ಗೆದ್ದಂತೆ. ಒಬ್ಬರೇ ನಿಂತರೆ ಅವಿರೋಧ ಆಯ್ಕೆ.

ಎಲ್ಲಿ ಒಡೆಯುತ್ತದೆ ಎಂದು ಹೇಳಿ. ನಾಮಪತ್ರ ಶುರುವಾದ ಮೇಲೆ ಒಂದು ಅಕ್ಷರವನ್ನೂ ಬದಲಿಸುವುದಿಲ್ಲ ಎಂಬುದೊಂದು ಮಾತ್ರ ತೀರ್ಮಾನವಾಗಿದೆ.

ಲೆಕ್ಕಪುಸ್ತಕ

ಆ ಒಂದು ತೀರ್ಮಾನವೇ ಅರ್ಧ ಕೆಲಸ. ಅಭ್ಯರ್ಥಿಗಳ ಹೆಸರು ಗೊತ್ತಾದ ಮೇಲೆ ಮಾಡುವ ಯಾವ ತಿದ್ದುಪಡಿಯೂ ಯಾರೋ ಒಬ್ಬರಿಗೆ ಅನುಕೂಲ ಮಾಡಿಕೊಡುತ್ತದೆ. ತಿದ್ದಿದವರಿಗೆ ಆ ಉದ್ದೇಶ ಇಲ್ಲದಿದ್ದರೂ ಅಷ್ಟೇ.

ಮೊದಲ ತೂತು ಮತದಾರರ ಪಟ್ಟಿಯಲ್ಲಿದೆ. "ಈಮೇಲ್ ಪಟ್ಟಿಯಲ್ಲಿರುವ ಎಲ್ಲರೂ" ಅಂದರೆ ಇವತ್ತು ಸೇರಿದವರೂ ಬಂದರು. ಗೆಳೆಯರನ್ನು ಹತ್ತು ಜನ ಸೇರಿಸಿದರೆ 64 ಜನರ ಗುಂಪಿನಲ್ಲಿ ಫಲಿತಾಂಶವೇ ಬದಲಾಗುತ್ತದೆ. ಎರಡು ಕೆಲಸ ಮಾಡಿ. ಒಂದು, ಅರ್ಹತೆಯನ್ನು ಅಳೆಯಲು ಬರುವಂಥ ಅಂಕಿಯಲ್ಲಿ ಹೇಳಿ. ಎರಡು, ಅರ್ಹತೆಯ ಕೊನೆಯ ದಿನ ಚುನಾವಣೆಯ ಪ್ರಕಟಣೆಗಿಂತ ಹಿಂದಿನದಾಗಿರಲಿ. ಆಗ ಪ್ರಕಟಣೆ ನೋಡಿ ಯಾರೂ ಜನ ತುಂಬಲು ಸಾಧ್ಯವಿಲ್ಲ.

ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್‌ನ ಮಂಡಳಿಗೆ 2021ರಲ್ಲಿ ನಡೆದ ಚುನಾವಣೆಯಲ್ಲಿ ಸಂಪಾದಕರಿಗಿದ್ದ ಅರ್ಹತೆ ನೋಡಿ: ಜುಲೈ 5ರ ಒಳಗೆ ಒಟ್ಟು 300 ಸಂಪಾದನೆ, ಜೊತೆಗೆ ಅದರ ಹಿಂದಿನ ಆರು ತಿಂಗಳಲ್ಲಿ ಕನಿಷ್ಠ 20. ಮೊದಲನೆಯದು ಅನುಭವ ಕೇಳುತ್ತದೆ, ಎರಡನೆಯದು ಈಗಲೂ ಕೆಲಸದಲ್ಲಿದ್ದೀರಾ ಎಂದು ಕೇಳುತ್ತದೆ. ನಿಮ್ಮ ಅಳತೆಗೆ ಅದನ್ನು ಇಳಿಸಿಕೊಳ್ಳಬಹುದು: ಕಳೆದ 12 ತಿಂಗಳಲ್ಲಿ ಅಂಗೀಕೃತವಾದ 25 ವಾಕ್ಯಗಳ ಅನುವಾದ, ಅಥವಾ ಅಷ್ಟೇ ವಾಕ್ಯಗಳ ಪರಿಶೀಲನೆ.

ಕಟ್ಟೆಮಾತು

25 ವಾಕ್ಯ ಎಂದು ಬರೆದ ಕೂಡಲೇ ಪದಕೋಶ ತಿದ್ದುವವರು, ಕಾರ್ಯಾಗಾರ ನಡೆಸುವವರು, ಫಾಂಟ್ ಪರೀಕ್ಷಿಸುವವರು ಹೊರಗೆ ಹೋದರು. ಸಾಫ್ಟ್‌ವೇರ್ ಎಣಿಸಬಲ್ಲದ್ದು ಮಾತ್ರ ಕೆಲಸ ಎಂದಾಗಿಬಿಡುತ್ತದೆ. ಇದನ್ನು ನಾನು ಒಪ್ಪಲಾರೆ.

ಲೆಕ್ಕಪುಸ್ತಕ

ಆಕ್ಷೇಪ ಸರಿ. ಕುಬರ್ನೆಟೀಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ಸ್ಟೀರಿಂಗ್ ಸಮಿತಿ ಚುನಾವಣೆಯಲ್ಲಿ ವರ್ಷಕ್ಕೆ 50 ಕೊಡುಗೆ ಎಂಬ ಮಿತಿ ಇದೆ, ಆದರೆ ಎಣಿಕೆಗೆ ಸಿಗದ ಕೆಲಸ ಮಾಡಿದವರು ಅರ್ಜಿ ಹಾಕಿ ಹೆಸರು ಸೇರಿಸಿಕೊಳ್ಳುವ ದಾರಿಯೂ ಇದೆ. ಹಾಗೆಯೇ ಮಾಡಿ. ಕರಡು ಪಟ್ಟಿಯನ್ನು ಬಳಕೆದಾರ ಹೆಸರುಗಳಲ್ಲಿ ಪ್ರಕಟಿಸಿ (ಈಮೇಲ್ ವಿಳಾಸ ಹಾಕಬೇಡಿ). ಏಳು ದಿನ ಸೇರ್ಪಡೆಗೂ ಆಕ್ಷೇಪಕ್ಕೂ ಅವಕಾಶ ಕೊಡಿ. ಅರ್ಜಿಯಲ್ಲಿ ಮೂರು ಸಾಲು ಸಾಕು: ಏನು ಮಾಡಿದೆ, ಯಾವಾಗ, ಯಾರಿಗೆ ಗೊತ್ತು. ಎಂಟನೇ ದಿನ ಅಂತಿಮ ಪಟ್ಟಿ ಬರಲಿ. ಅದಾದ ಮೇಲೆಯೇ ನಾಮಪತ್ರ ತೆರೆಯಲಿ. ಈ ಕ್ರಮ ತಿರುಗಿದರೆ ಒಂದೊಂದು ಅರ್ಜಿಯನ್ನೂ "ಇವರು ಯಾರ ಕಡೆಯ ಮತ" ಎಂದು ಅಳೆಯಲು ಶುರುವಾಗುತ್ತದೆ.

ಒಬ್ಬರಿಗೆ ಎರಡು ಖಾತೆ ಇರುವುದನ್ನೂ ಈ ಹಂತದಲ್ಲೇ ಹಿಡಿಯಬೇಕು. ಕಚೇರಿಯ ಈಮೇಲ್ ಒಂದು, ಸ್ವಂತದ್ದು ಒಂದು ಎಂದು ಪಟ್ಟಿಯಲ್ಲಿ ಎರಡು ಸಲ ಇರುವವರು ಎಲ್ಲ ಗುಂಪಿನಲ್ಲೂ ಸಿಗುತ್ತಾರೆ. ಮೋಸವೇನಲ್ಲ, ಅವರಿಗೇ ನೆನಪಿರುವುದಿಲ್ಲ.

ಮಲೆನಾಡಮಳೆ

3 ದಿನ ಸಾಲದು. ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ನಾಯಕರ ಚುನಾವಣೆಯಲ್ಲಿ ನಾಮಪತ್ರಕ್ಕೆ 1 ವಾರ, ಚರ್ಚೆಗೆ 2 ವಾರ, ಮತದಾನಕ್ಕೆ 2 ವಾರ. ನಿಮಗೆ 7, 7 ಮತ್ತು 10 ದಿನ ಸಾಕು. ಮತದಾನವನ್ನು ಶುಕ್ರವಾರ ಸಂಜೆ ತೆರೆದು ಮುಂದಿನ ವಾರಾಂತ್ಯ ದಾಟಿಸಿ ಮುಚ್ಚಿ. ಸಂಬಳವಿಲ್ಲದೆ ದುಡಿಯುವವರಿಗೆ ಬಿಡುವು ಸಿಗುವುದೇ ಶನಿವಾರ, ಭಾನುವಾರ. ಯುಗಾದಿ, ದಸರಾ, ದೀಪಾವಳಿಯ ವಾರ ಬೇಡ.

ಮುಚ್ಚುವ ಗಳಿಗೆಯನ್ನು ಎಚ್ಚರದಿಂದ ಬರೆಯಿರಿ. "ಭಾನುವಾರ ರಾತ್ರಿ 11:59" ಎಂದು ಬರೆದರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಗಡಿಯಾರ ಭಾನುವಾರ ಬೆಳಿಗ್ಗೆ 11:29 ತೋರಿಸುತ್ತದೆ. ಅಲ್ಲಿಯವರಿಗೆ ಅರ್ಧ ದಿನ ನಷ್ಟ. ಸೋಮವಾರ ಸಂಜೆ 6:00, ಭಾರತೀಯ ಕಾಲಮಾನ ಎಂದಿಟ್ಟರೆ ಅವರಿಗೆ ಸೋಮವಾರ ಬೆಳಗಿನ ಜಾವ 5:30. ಎಲ್ಲರಿಗೂ ಭಾನುವಾರ ಪೂರ್ತಿ ಸಿಕ್ಕಿತು. "12 ಗಂಟೆ" ಎಂದು ಮಾತ್ರ ಎಲ್ಲೂ ಬರೆಯಬೇಡಿ.

ಎಣಿಕೆಮನೆ

ನನ್ನ ಮುಖ್ಯ ತಕರಾರು "ಹೆಚ್ಚು ಮತ ಪಡೆದವರು" ಎಂಬ ಸಾಲಿನ ಮೇಲೆ. ಲೆಕ್ಕ ಹಾಕಿಯೇ ತೋರಿಸುತ್ತೇನೆ. ಸಂಚಾಲಕ ಸ್ಥಾನಕ್ಕೆ ಅ, ಬ, ಕ ಎಂಬ ಮೂವರು, 30 ಮತದಾರರು. ಪ್ರತಿಯೊಬ್ಬರೂ ಪ್ರಾಶಸ್ತ್ಯ ಕ್ರಮದಲ್ಲಿ ಬರೆದಿದ್ದಾರೆ ಎನ್ನಿ:

12 ಮತಪತ್ರ: ಅ, ಕ, ಬ
10 ಮತಪತ್ರ: ಬ, ಕ, ಅ
8 ಮತಪತ್ರ: ಕ, ಬ, ಅ

ಮೊದಲ ಪ್ರಾಶಸ್ತ್ಯ ಮಾತ್ರ ಎಣಿಸಿದರೆ 12 ಪಡೆದ ಅ ಗೆದ್ದರು. ಆದರೆ 18 ಜನ ಅವರನ್ನು ಕೊನೆಗೆ ಇಟ್ಟಿದ್ದಾರೆ. ಕಡಿಮೆ ಮತದವರನ್ನು ಕೈಬಿಟ್ಟು ಅವರ ಮತ ವರ್ಗಾಯಿಸುವ ಪದ್ಧತಿಯಲ್ಲಿ ಕ ಹೊರಬೀಳುತ್ತಾರೆ, ಅವರ 8 ಮತ ಬ ಕಡೆಗೆ ಹೋಗಿ 18–12ರಲ್ಲಿ ಬ ಗೆಲ್ಲುತ್ತಾರೆ. ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ ನೋಡಿದರೆ ಕ ಅವರು ಅ ಎದುರು 18–12, ಬ ಎದುರು 20–10. ಅಲ್ಲಿ ಕ ಗೆಲ್ಲುತ್ತಾರೆ.

ಅವೇ ಮೂವತ್ತು ಚೀಟಿ, ಮೂರು ಪದ್ಧತಿ, ಮೂವರು ಬೇರೆ ಬೇರೆ ವಿಜೇತರು. ಇದರಲ್ಲಿ ಯಾವುದೂ ಮೋಸವಲ್ಲ. ಆದರೆ ಚೀಟಿ ತೆರೆದ ಮೇಲೆ ಪದ್ಧತಿ ಆರಿಸಿದರೆ ಖಂಡಿತ ಮೋಸ.

ಸಂಚಾಲಕರಿಗೆ ನನ್ನ ಆಯ್ಕೆ ಎದುರುಬದುರಿನ ಪದ್ಧತಿ, ಅಂದರೆ ಕಾಂಡೋರ್ಸೆ. ಸ್ವಯಂಸೇವಕರ ಗುಂಪಿಗೆ ಅರ್ಧ ಜನರ ಅಚ್ಚುಮೆಚ್ಚಿನವರಿಗಿಂತ ಎಲ್ಲರೂ ಜೊತೆಗೂಡಿ ಕೆಲಸ ಮಾಡಬಲ್ಲವರು ಬೇಕು. ಬೇಸರವಾದವರು ಇಲ್ಲಿ ವಿರೋಧ ಪಕ್ಷವಾಗಿ ಕೂರುವುದಿಲ್ಲ, ಸುಮ್ಮನೆ ಬರುವುದನ್ನೇ ನಿಲ್ಲಿಸುತ್ತಾರೆ. ಅ ಬ-ಯನ್ನು, ಬ ಕ-ವನ್ನು, ಕ ಅ-ವನ್ನು ಸೋಲಿಸುವ ಚಕ್ರ ಬಂದರೆ ಬಿಡಿಸಲು ಶುಲ್ಟ್ಸ ವಿಧಾನವನ್ನು ನಿಯಮದಲ್ಲೇ ಹೆಸರಿಸಿ. ಡೆಬಿಯನ್ ಬಳಸುವುದು ಅದನ್ನೇ.

ಸಮಿತಿಗೆ ಮೂರು ಗುರುತಿನ ಪದ್ಧತಿ ಬೇಡವೇ ಬೇಡ. 40 ಜನ ಮತ ಹಾಕಿದರು, 22 ಒಂದು ಕಡೆ, 18 ಇನ್ನೊಂದು ಕಡೆ. ಆ 22 ಜನ ಅವೇ ಮೂರು ಹೆಸರಿಗೆ ಗುರುತು ಹಾಕಿದರೆ ಮೂರೂ ಸ್ಥಾನ ಅವರದು, 18 ಜನರಿಗೆ ಸೊನ್ನೆ. ಪ್ರಾಶಸ್ತ್ಯ ಬರೆದು ಮತ ಮುಂದಿನ ಹೆಸರಿಗೆ ಸಾಗುವ ವರ್ಗಾವಣೆ ಮತದಲ್ಲಿ ಗೆಲುವಿನ ಕೋಟಾ (ಗೆಲ್ಲಲು ಬೇಕಾದ ಮತ) ಹೀಗೆ: 40ನ್ನು (ಸ್ಥಾನ 3 + 1) ಅಂದರೆ 4ರಿಂದ ಭಾಗಿಸಿ 1 ಕೂಡಿಸಿ, 11. ಇಪ್ಪತ್ತೆರಡರಲ್ಲಿ ಎರಡು ಕೋಟಾ, ಹದಿನೆಂಟರಲ್ಲಿ ಒಂದು. ಎರಡು ಸ್ಥಾನ ಅವರಿಗೆ, ಒಂದು ಇವರಿಗೆ. ಕೋಟಾ ದಾಟಿದ ಹೆಚ್ಚುವರಿ ಮತ ಪೋಲಾಗುವುದಿಲ್ಲ: ಒಬ್ಬರಿಗೆ 16 ಬಂದರೆ ಹೆಚ್ಚುವರಿ 5, ಅವರ ಪ್ರತಿ ಚೀಟಿಯೂ 5/16 ಅಂದರೆ 0.3125 ಮೌಲ್ಯದಲ್ಲಿ ಮುಂದಿನ ಹೆಸರಿಗೆ ಸಾಗುತ್ತದೆ. ಈ ವರ್ಗಾವಣೆಗೂ ಹಲವು ಬಗೆಗಳಿವೆ, ಯಾವುದು ಎಂದು ಬರೆದಿಡಿ.

ಕಟ್ಟೆಮಾತು

ಜನರಿಗೆ ಇಷ್ಟೆಲ್ಲ ಅರ್ಥವಾಗಬೇಕಲ್ಲ? ಗುರುತು ಹಾಕುವುದಾದರೆ ಎಲ್ಲರಿಗೂ ಗೊತ್ತು.

ಎಣಿಕೆಮನೆ

ಮತದಾರರು ಮಾಡುವುದು 1, 2, 3 ಎಂದು ಬರೆಯುವುದಷ್ಟೇ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರ, ಶಿಕ್ಷಕರ ಕ್ಷೇತ್ರಗಳಲ್ಲಿ ಪ್ರಾಶಸ್ತ್ಯ ಮತವೇ ನಡೆಯುವುದು. ರಾಜ್ಯಸಭೆ, ರಾಷ್ಟ್ರಪತಿ ಚುನಾವಣೆಯೂ ಹಾಗೆಯೇ. ಅಲ್ಲಿ ಅಂಕಿ ಬರೆಯುವ ಬದಲು ಗುರುತು ಹಾಕಿದ ಚೀಟಿ ಕುಲಗೆಡುತ್ತದೆ. ಆನ್‌ಲೈನ್‌ನಲ್ಲಿ ಆ ತಪ್ಪನ್ನು ಪರದೆಯೇ ತಡೆಯುತ್ತದೆ. ಮತದಾನಕ್ಕೆ ನಾಲ್ಕು ದಿನ ಮೊದಲು ಮಾವು, ಹಲಸು, ಬಾಳೆ ಎಂಬ ಮೂರು ಹೆಸರಿಟ್ಟು ಅಣಕು ಮತದಾನ ನಡೆಸಿ, ಎಣಿಕೆಯನ್ನೂ ಮಾಡಿ ತೋರಿಸಿ. ಕೆಟ್ಟ ಈಮೇಲ್ ವಿಳಾಸಗಳೂ ಆಗಲೇ ಬಯಲಾಗುತ್ತವೆ.

ಒಂದು ಮರೆತಿದ್ದೆ. ಸಂಚಾಲಕ, ಸಮಿತಿ ಎರಡಕ್ಕೂ ಒಬ್ಬರೇ ನಿಂತರೆ ಸಂಚಾಲಕರ ಮತ ಮೊದಲು ಎಣಿಸಿ. ಗೆದ್ದವರ ಹೆಸರನ್ನು ಸಮಿತಿಯ ಚೀಟಿಗಳಿಂದ ತೆಗೆದು, ಅವರಿಗೆ ಬಂದಿದ್ದ ಪ್ರಾಶಸ್ತ್ಯವನ್ನು ಕೆಳಗಿನವರಿಗೆ ಏರಿಸಿ, ಆಮೇಲೆ ಎಣಿಸಿ. ಮಧ್ಯದಲ್ಲಿ ಯಾರಾದರೂ ರಾಜೀನಾಮೆ ಕೊಟ್ಟರೂ ಹೀಗೆಯೇ, ಆರು ತಿಂಗಳೊಳಗಾದರೆ ಅವೇ ಚೀಟಿಗಳ ಮರುಎಣಿಕೆ ಸಾಕು. ಹೆಸರಿಲ್ಲದ ಚೀಟಿಗಳನ್ನು ಅವಧಿ ಮುಗಿಯುವವರೆಗೆ ಉಳಿಸಿಕೊಳ್ಳಲು ಇದೂ ಒಂದು ಕಾರಣ.

ಕೀಲಿಕೈ

ಗೂಗಲ್ ಫಾರ್ಮ್ ವಿಷಯಕ್ಕೆ ಬರುತ್ತೇನೆ. ಈಮೇಲ್ ದಾಖಲಿಸುವ ಆಯ್ಕೆ ಹಾಕಿದರೆ ಯಾರು ಯಾರಿಗೆ ಹಾಕಿದರೆಂದು ಫಾರ್ಮ್ ಮಾಲೀಕರಿಗೆ ಕಾಣುತ್ತದೆ. ತೆಗೆದರೆ ಲಿಂಕ್ ಸಿಕ್ಕ ಯಾರು ಬೇಕಾದರೂ ಹಾಕಬಹುದು. "ಒಬ್ಬರಿಗೆ ಒಂದೇ ಉತ್ತರ" ಎಂದಿಟ್ಟರೆ ಎರಡು ಗೂಗಲ್ ಖಾತೆ ಇದ್ದವರಿಗೆ ಎರಡು ಮತ. ಹೆಸರಿಲ್ಲದಿದ್ದರೂ ಹಾಳೆಯಲ್ಲಿ ಸಮಯದ ಕಾಲಂ ಇರುತ್ತದೆ. "ಈಗಷ್ಟೇ ಮತ ಹಾಕಿದೆ" ಎಂದು 8:42ಕ್ಕೆ ಗುಂಪಿನಲ್ಲಿ ಬರೆದವರ ಚೀಟಿ ಯಾವುದೆಂದು ಸಲೀಸಾಗಿ ಗೊತ್ತಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಮತದಾನ ನಡೆಯುತ್ತಿರುವಾಗಲೇ ಮಾಲೀಕರಿಗೆ ಯಾರು ಮುಂದಿದ್ದಾರೆಂದು ತಿಳಿಯುತ್ತದೆ.

ವಾಟ್ಸಾಪ್ ಪೋಲ್‌ನಲ್ಲಿ ಸಾಮಾನ್ಯವಾಗಿ ಯಾರು ಯಾವುದಕ್ಕೆ ಎಂಬುದು ಎಲ್ಲರಿಗೂ ಕಾಣುತ್ತದೆ. ಟೆಲಿಗ್ರಾಂನಲ್ಲಿ ಹೆಸರು ಮುಚ್ಚಬಹುದು, ಆದರೆ ಮತ ಹಾಕಿದ ಕೂಡಲೇ ಸಾಮಾನ್ಯವಾಗಿ ನಡುವಿನ ಫಲಿತಾಂಶ ತೆರೆಯುತ್ತದೆ, ಗುಂಪಿಗೆ ನಿನ್ನೆ ಬಂದವರೂ ಹಾಕುತ್ತಾರೆ. ಸಭೆಯ ದಿನಾಂಕ ಗೊತ್ತುಮಾಡಲು ಸರಿ, ಇದಕ್ಕಲ್ಲ.

ಬೇಕಾದದ್ದು ಇಷ್ಟು: ಪ್ರತಿ ಮತದಾರರಿಗೂ ಒಂದೇ ಸಲ ಬಳಸಬಹುದಾದ ಪ್ರತ್ಯೇಕ ಲಿಂಕ್, ಪ್ರಾಶಸ್ತ್ಯ ಬರೆಯುವ ಪರದೆ, ಮುಚ್ಚುವವರೆಗೆ ಯಾರಿಗೂ ಕಾಣದ ಫಲಿತಾಂಶ, ಪ್ರತಿ ಮತದಾರರಿಗೆ ಬೇರೆ ಬೇರೆ ಕ್ರಮದಲ್ಲಿ ತೋರುವ ಹೆಸರುಗಳು. ಅಕಾರಾದಿ ಇಟ್ಟರೆ ಮೇಲಿನ ಹೆಸರಿಗೆ ಪುಕ್ಕಟೆ ಲಾಭ.

ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆನ್‌ಲೈನ್ ಮತದಾನ ಸೇವೆ ಸಿಐವಿಎಸ್ ಉಚಿತ, ಕಾಂಡೋರ್ಸೆಗೆ ನೇರವಾಗಿ ಹೊಂದುತ್ತದೆ. ಅಲ್ಲಿ ಮತದಾರರು ತಮ್ಮ ಈಮೇಲ್ ವಿಳಾಸವನ್ನು ಮೊದಲೇ ಸಕ್ರಿಯಗೊಳಿಸಿಕೊಳ್ಳಬೇಕು, ಇಲ್ಲವಾದರೆ ಮತದ ಲಿಂಕ್ ತಲುಪುವುದಿಲ್ಲ. ಅಣಕು ಮತದಾನದಲ್ಲೇ ಅದನ್ನು ಮಾಡಿಸಿ. ಲೈಮ್‌ಸರ್ವೇ ಎಂಬ ಸಮೀಕ್ಷೆಯ ತಂತ್ರಾಂಶವನ್ನು ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳುವುದಾದರೆ ಟೋಕನ್ (ಪ್ರತಿ ಮತದಾರರಿಗೂ ಬೇರೆ ಗುಟ್ಟಿನ ಸಂಕೇತ) ಇಡಿ, ಉತ್ತರಗಳನ್ನು ಅನಾಮಧೇಯಗೊಳಿಸುವ ಆಯ್ಕೆಯನ್ನು ಮತದಾನ ತೆರೆಯುವ ಮುನ್ನವೇ ಹಾಕಿ. ಸರ್ವರ್‌ನ ಕೀಲಿ ಅಭ್ಯರ್ಥಿಯ ಕೈಯಲ್ಲಿ ಇರಬಾರದು. ಸಣ್ಣ ಗುಂಪಿನಲ್ಲಿ ಸರ್ವರ್ ನೋಡಿಕೊಳ್ಳುವವರೇ ಸ್ಪರ್ಧಿಸುವುದು ಹೆಚ್ಚು.

ಹೊಂಗೆನೆರಳು

ಹೀಲಿಯಾಸ್, ಬೆಲೆನಿಯೋಸ್ ರೀತಿಯ ತಂತ್ರಾಂಶಗಳ ಗೂಢಲಿಪಿಯ ಮತ (ಚೀಟಿ ಬೀಗ ಹಾಕಿದಂತಿದ್ದು ಕೀಲಿಯಿಂದ ಮಾತ್ರ ತೆರೆಯುವುದು) ನಮಗೆ ಬೇಕೇ?

ಕೀಲಿಕೈ

64 ಜನಕ್ಕೆ ಕಡ್ಡಾಯವಲ್ಲ. ನಡೆಸುವವರ ಮೇಲೇ ಅನುಮಾನ ಇರುವ ಗುಂಪಿಗೆ ಖಂಡಿತ ಬೇಕು. ಬಳಸಿದರೆ ಕೀಲಿ ಹಂಚಿಕೆಯಲ್ಲಿ ಎಚ್ಚರ: ಮೂವರ ಬಳಿ ಕೀಲಿ, ಮೂವರೂ ಬಂದರೆ ಮಾತ್ರ ಎಣಿಕೆ ಎಂದು ಮಾಡಬೇಡಿ. ಗೂಢಲಿಪಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ ಐಎಸಿಆರ್ 2025ರಲ್ಲಿ ಹೀಲಿಯಾಸ್‌ನಲ್ಲಿ ನಡೆಸಿದ ಚುನಾವಣೆಯಲ್ಲಿ ಮೂರರಲ್ಲಿ ಒಂದು ಕೀಲಿ ಕಳೆದುಹೋಗಿ, ಮತಗಳನ್ನು ತೆರೆಯಲಾಗದೆ ಮರುಚುನಾವಣೆ ನಡೆಸಬೇಕಾಯಿತು. ಮೂವರಲ್ಲಿ ಯಾರಾದರೂ ಇಬ್ಬರು ಸಾಕು ಎಂಬ ವ್ಯವಸ್ಥೆ ಬೆಲೆನಿಯೋಸ್‌ನಲ್ಲಿದೆ.

ಲೆಕ್ಕಪುಸ್ತಕ

ಎಣಿಕೆ ಮುಗಿದ ಮೇಲೆ ಎರಡು ಪಟ್ಟಿ ಪ್ರಕಟಿಸಿ, ಎರಡನ್ನೂ ಜೋಡಿಸಲು ಬಾರದಂತೆ. ಒಂದು, ಮತ ಹಾಕಿದವರ ಹೆಸರು. ಹಾಕದವರ ಹೆಸರು ಅಲ್ಲಿ ಕಂಡರೆ ಅವರೇ ಎದ್ದು ಕೇಳುತ್ತಾರೆ. ಇನ್ನೊಂದು, ಹೆಸರಿಲ್ಲದ ಎಲ್ಲ ಚೀಟಿಗಳು, ಕಲಸಿದ ಕ್ರಮದಲ್ಲಿ. ಮೊದಲ ಪಟ್ಟಿಯ ಸಂಖ್ಯೆಯೂ ಎರಡನೆಯದರ ಸಂಖ್ಯೆಯೂ ಒಂದೇ ಆಗಿರಬೇಕು. ಯಾರು ಬೇಕಾದರೂ ಮನೆಯಲ್ಲಿ ಕೂತು ಮರುಎಣಿಕೆ ಮಾಡಬಹುದು.

ತನ್ನ ಚೀಟಿ ಸೇರಿದೆಯೇ ಎಂದು ನೋಡಿಕೊಳ್ಳಲು ಗುಟ್ಟಿನ ಗುರುತು ಬೇಕು. ಡೆಬಿಯನ್‌ನಲ್ಲಿ ಎಣಿಕೆಯ ಹಾಳೆಯ ಪ್ರತಿ ಸಾಲಿಗೂ ಹ್ಯಾಶ್ (ಲೆಕ್ಕ ಹಾಕಿ ಪಡೆದ ಅಕ್ಷರಗಳ ಗುರುತು) ಇರುತ್ತದೆ, ಮತದಾರರಿಗೆ ಮಾತ್ರ ತಮ್ಮದು ಯಾವುದೆಂದು ಗೊತ್ತು. ನೀವು ಚೀಟಿಯಲ್ಲೇ ಎಂಟು ಅಕ್ಷರದ ಪದವೊಂದನ್ನು ಮತದಾರರೇ ಬರೆಯುವಂತೆ ಮಾಡಿ. ನಡೆಸುವವರು ಗುರುತು ಕೊಡುವಂತಾದರೆ ಒಂದೇ ರೀತಿ ಮತ ಹಾಕಿದ ಇಬ್ಬರಿಗೆ ಒಂದೇ ಗುರುತು ಕೊಟ್ಟು, ಉಳಿದ ಒಂದು ಸಾಲನ್ನು ತಮಗೆ ಬೇಕಾದಂತೆ ತುಂಬಬಹುದು.

ಎಂಟನೇಮೈಲಿ

ಗುರುತು ಇದ್ದರೆ "ನನಗೇ ಹಾಕಿದ್ದೀಯ, ತೋರಿಸು" ಎಂದು ಒತ್ತಾಯಿಸಲೂ ಬರುತ್ತದಲ್ಲ.

ಲೆಕ್ಕಪುಸ್ತಕ

ಬರುತ್ತದೆ. ಎರಡೂ ಕಡೆ ಬೆಲೆ ತೆರಲೇಬೇಕು. ಒಂದೇ ಕಂಪನಿ, ಒಂದೇ ಕಾಲೇಜಿನ ಹಿರಿಯರು ಕಿರಿಯರು ಇರುವ ಗುಂಪಾದರೆ ಗುರುತು ಬಿಟ್ಟು ಇಬ್ಬರು ವೀಕ್ಷಕರನ್ನು ಇಡಿ. ಅಭ್ಯರ್ಥಿಗಳು ಹೆಚ್ಚಿದ್ದರೂ ಪೂರ್ತಿ ಚೀಟಿ ಪ್ರಕಟಿಸುವುದು ಅಪಾಯ: 4 ಹೆಸರಿಗೆ 24 ಕ್ರಮ ಮಾತ್ರ ಸಾಧ್ಯ, 8 ಹೆಸರಿಗೆ 40,320. "ಮೊದಲು ನನ್ನ ಹೆಸರು, ಕೆಳಗೆ ಈ ವಿಚಿತ್ರ ಕ್ರಮ" ಎಂದು ಹೇಳಿಕೊಟ್ಟರೆ ಆ ಕ್ರಮವೇ ಸಹಿ ಆಯಿತು. ಐದಕ್ಕಿಂತ ಹೆಚ್ಚಾದರೆ ಎದುರುಬದುರಿನ ಕೋಷ್ಟಕ ಮತ್ತು ವರ್ಗಾವಣೆಯ ಸುತ್ತುಗಳನ್ನು ಮಾತ್ರ ಪ್ರಕಟಿಸಿ.

ಎಂಟನೇಮೈಲಿ

ಅವಿರೋಧ ಆಯ್ಕೆಯ ಸಾಲನ್ನು ತೆಗೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಸಣ್ಣ ಗುಂಪುಗಳಲ್ಲಿ ನಿಜವಾಗಿ ಆಗುವುದು ಅದೇ: ಹಳಬರು ನಿಂತರೆ ಬೇರೆಯವರು ಸಂಕೋಚಕ್ಕೆ ನಿಲ್ಲುವುದಿಲ್ಲ, ಹತ್ತು ವರ್ಷ ಅವರೇ ಅಧ್ಯಕ್ಷರು. ಒಬ್ಬರೇ ನಿಂತರೂ ಮತ ನಡೆಯಲಿ, ಚೀಟಿಯಲ್ಲಿ "ಇವರಲ್ಲಿ ಯಾರೂ ಬೇಡ" ಎಂಬುದೂ ಇರಲಿ, ಮತ್ತು ಅದಕ್ಕೆ ಹಲ್ಲು ಇರಲಿ. ನಮ್ಮ ಮತಯಂತ್ರದಲ್ಲಿ 2013ರಿಂದ ಇರುವ ನೋಟಾಕ್ಕೆ ಹೆಚ್ಚು ಮತ ಬಂದರೂ ಲೋಕಸಭೆ, ವಿಧಾನಸಭೆಯಲ್ಲಿ ಉಳಿದವರಲ್ಲಿ ಮುಂದಿರುವವರೇ ಗೆಲ್ಲುತ್ತಾರೆ. ಡೆಬಿಯನ್‌ನಲ್ಲಿ ಹಾಗಲ್ಲ, ಅದು ಗೆದ್ದರೆ ಚುನಾವಣೆ ಮತ್ತೆ ನಡೆಯಬೇಕು.

ಅಲ್ಲಿಯ ಕೋರಂ, ಅಂದರೆ ಕನಿಷ್ಠ ಬೆಂಬಲದ, ಲೆಕ್ಕ ನಿಮಗೂ ಒಗ್ಗುತ್ತದೆ: ಮತದಾರರ ಸಂಖ್ಯೆಯ ವರ್ಗಮೂಲದ ಒಂದೂವರೆ ಪಟ್ಟು. ಪಟ್ಟಿಯಲ್ಲಿ 49 ಜನ ಇದ್ದರೆ 7ರ ಒಂದೂವರೆ ಪಟ್ಟು 10.5. ಅಂದರೆ ಕನಿಷ್ಠ 11 ಜನ ಆ ಅಭ್ಯರ್ಥಿಯನ್ನು "ಯಾರೂ ಬೇಡ"ಕ್ಕಿಂತ ಮೇಲೆ ಇಟ್ಟಿರಬೇಕು. "ಅರ್ಧದಷ್ಟು ಮತದಾನ ಆಗಲೇಬೇಕು" ಎಂಬ ಕೋರಂ ಇಡಬೇಡಿ. ಹಾಗಿಟ್ಟರೆ ಸೋಲುವವರು ಮತ ಹಾಕದೆ ಉಳಿದು ಚುನಾವಣೆಯನ್ನೇ ಕೆಡಿಸಬಹುದು.

ಯಾರೂ ನಿಲ್ಲದಿದ್ದರೆ? ಅದನ್ನೂ ಬರೆಯಿರಿ. 2019ರಲ್ಲಿ ಡೆಬಿಯನ್‌ನ ಮೊದಲ ವಾರದಲ್ಲಿ ಒಂದೂ ನಾಮಪತ್ರ ಬರಲಿಲ್ಲ. ನಿಯಮದಲ್ಲಿ ಇದ್ದಂತೆ ಅವಧಿ ಒಂದು ವಾರ ಮುಂದುವರಿಯಿತು, ಅಭ್ಯರ್ಥಿಗಳು ಬಂದರು.

ಮಲೆನಾಡಮಳೆ

ಒಂದೇ ಸಂಸ್ಥೆಯವರು ತುಂಬಿಕೊಳ್ಳದಂತೆ ಮಿತಿಯೂ ಬೇಕು. ಪೈಥಾನ್ ಭಾಷೆಯ ಸ್ಟೀರಿಂಗ್ ಕೌನ್ಸಿಲ್‌ನ ಐವರಲ್ಲಿ ಒಂದೇ ಸಂಸ್ಥೆಯ ನೌಕರರು ಇಬ್ಬರಿಗಿಂತ ಹೆಚ್ಚಿರುವಂತಿಲ್ಲ. ನಿಮ್ಮ ನಾಲ್ವರಲ್ಲಿ ಒಂದೇ ಕಂಪನಿ ಅಥವಾ ಕಾಲೇಜಿನವರು ಇಬ್ಬರು, ಅಷ್ಟೇ. ನಾಮಪತ್ರದಲ್ಲೇ ಎಲ್ಲಿ ಕೆಲಸ ಎಂದು ಬರೆಸಿಕೊಳ್ಳಿ.

ಸಮಬಲ ಬಂದರೆ ಚೀಟಿ ಎತ್ತುವುದು ನಮ್ಮ ಜನಪ್ರತಿನಿಧಿ ಕಾಯ್ದೆಯಲ್ಲೂ ಇದೆ. ಆನ್‌ಲೈನ್‌ನಲ್ಲಿ ಎತ್ತಿದ್ದನ್ನು ಕಂಡವರಾರು? ಯಾರ ಕೈಗೂ ಸಿಗದ ಅಂಕಿಯನ್ನು ಮೊದಲೇ ಹೆಸರಿಸಿ: ಮತದಾನ ಮುಗಿದ ಮಾರನೆಯ ವಹಿವಾಟಿನ ದಿನ ಸೆನ್ಸೆಕ್ಸ್ ಮುಕ್ತಾಯದ ಕೊನೆಯ ಅಂಕೆ. ಸಮ ಬಂದರೆ ವರ್ಣಮಾಲೆಯಲ್ಲಿ ಮೊದಲು ಬರುವವರು, ಬೆಸ ಬಂದರೆ ಇನ್ನೊಬ್ಬರು.

ಕಟ್ಟೆಮಾತು

ಚರ್ಚೆಯ ವಾರದ ಬಗ್ಗೆ ಯಾರೂ ಹೇಳಲಿಲ್ಲ. ಪ್ರಶ್ನೆಗಳು ಒಂದೇ ಕಡೆ, ಎಲ್ಲರಿಗೂ ಕಾಣುವಲ್ಲಿ ಬರಲಿ. ಅದೇ ಪ್ರಶ್ನೆಗೆ ಎಲ್ಲ ಅಭ್ಯರ್ಥಿಗಳೂ ಉತ್ತರಿಸಲಿ, 48 ಗಂಟೆಯೊಳಗೆ. ವಿಡಿಯೋ ಸಭೆ ಮಾತ್ರ ಇಟ್ಟರೆ ಮಾತು ಬಲ್ಲವರಿಗೆ ಅನುಕೂಲ, ಬರೆದೇ ಕೆಲಸ ಮಾಡುವವರಿಗೆ ನಷ್ಟ. ಈಗಿನ ಸಂಚಾಲಕರು ಮತ್ತೆ ನಿಂತಿದ್ದರೆ ಗುಂಪಿನ ಅಧಿಕೃತ ಖಾತೆಯಿಂದ ಚುನಾವಣಾ ಸೂಚನೆಗಳ ಹೊರತು ಏನೂ ಹೋಗಬಾರದು.

ಹೊಂಗೆನೆರಳು

ಎಲ್ಲವನ್ನೂ ಸೇರಿಸಿ ಹೊಸ ಕರಡು ಬರೆಯುತ್ತಿದ್ದೇನೆ. ದೂರುಗಳಿಗೆ ಫಲಿತಾಂಶದ ನಂತರ 3 ದಿನ, ತೀರ್ಮಾನಿಸಲು ಗುಂಪಿನ ಹೊರಗಿನ ಒಬ್ಬರು. ಅಧಿಕಾರ ಹಸ್ತಾಂತರಕ್ಕೆ 14 ದಿನ. ಬಿಟ್ಟದ್ದೇನಾದರೂ ಇದೆಯೇ?

ಕೀಲಿಕೈ

ಹಸ್ತಾಂತರದ ಪಟ್ಟಿಯನ್ನು ಚುನಾವಣೆಗೆ ಮೊದಲೇ ಮಾಡಿ: ಡೊಮೈನ್ ಯಾರ ಹೆಸರಲ್ಲಿದೆ, ನವೀಕರಣ ಯಾವಾಗ, ಅನುವಾದದ ತಾಣದ ನಿರ್ವಾಹಕ ಹಕ್ಕು, ಈಮೇಲ್ ಪಟ್ಟಿಯ ಒಡೆತನ, ಸಾಮಾಜಿಕ ಖಾತೆಗಳು, ಎರಡನೇ ಹಂತದ ದೃಢೀಕರಣ ಯಾರ ಫೋನಿಗೆ ಬರುತ್ತದೆ. ಟೆಲಿಗ್ರಾಂ ಗುಂಪಿನ ಒಡೆತನ ವರ್ಗಾಯಿಸಲು ಈಗಿನ ಒಡೆಯರ ಖಾತೆಯಲ್ಲಿ ಎರಡು ಹಂತದ ದೃಢೀಕರಣ ಕನಿಷ್ಠ 7 ದಿನಗಳಿಂದ ಚಾಲೂ ಇರಬೇಕು. ಫಲಿತಾಂಶದ ದಿನ ಶುರುಮಾಡಿದರೆ ಒಂದು ವಾರ ಹಳಬರೇ ಒಡೆಯರಾಗಿ ಉಳಿಯುತ್ತಾರೆ, ಅದರಿಂದ ಇಲ್ಲದ ಅನುಮಾನ ಹುಟ್ಟುತ್ತದೆ. ಮತದಾರರ ಕರಡು ಪಟ್ಟಿ ಹಾಕುವ ದಿನವೇ ಅದನ್ನು ಚಾಲೂ ಮಾಡಿಸಿ.

ಹೊಂಗೆನೆರಳು

ಸೇರಿಸಿದೆ. ಹೊಸ ಕರಡು ನಾಳೆ ಸಂಜೆ 6ಕ್ಕೆ ಇಲ್ಲೇ ಹಾಕುತ್ತೇನೆ, ಭಾರತೀಯ ಕಾಲಮಾನ.